ತೊಟ್ಟಿಲುಗಂಬದ ಟ್ರೇ
ಕಂತು ೯

ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಜಹೀದಾ ಮಾತು ಕೊಟ್ಟಾಗ ಅವಳಿಗೆ ಹನ್ನೊಂದು ವರ್ಷ.

ಎಪ್ಪತ್ತೈದನೇ ಇಸವಿ. ಠಾಣೆಯಿಂದ ಬಿಟ್ಟು ಕಳಿಸಿದ್ದ ಅಬ್ಬ, ಮುರಿದ ಬಲಗೈಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಎಡಗೈಯಿಂದ ಮಗಳ ಮುಂಗೈ ಹಿಡಿದು, ಮರ ಕಡೆಯುವ ಲೇತಿನ ಬಿಲ್ಲಿನ ಮೇಲೆ ಇಟ್ಟ. "ದೊಡ್ಡಮಳೂರಿನ ಆ ಮನೆ ಹೊಸಿಲು ತುಳಿಯಲ್ಲ ಅನ್ನು. ಅಲ್ಲಿ ಯಾರನ್ನೂ ಏನೂ ಕೇಳಲ್ಲ ಅನ್ನು."

ಅಂದಳು. ಮೂವತ್ತೊಂದು ವರ್ಷ ಆ ಮಾತಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮೈಸೂರು ರಸ್ತೆಯ ಬಸ್ಸು ಆ ಮನೆ ಮುಂದೆ ಹಾಯುವಾಗ ಅವಳು ಆಚೆ ಕಿಟಕಿಗೆ ಮುಖ ತಿರುಗಿಸಿಬಿಡುತ್ತಿದ್ದಳು.

ಈಗ ಆ ಮನೆಯ ಮನುಷ್ಯನೇ ಅವಳ ಹೊಸಿಲಲ್ಲಿ ನಿಂತಿದ್ದ.

"ಏನಮ್ಮಾ, ಒಳಕ್ಕೆ ಕರೆಯಾಕಿಲ್ವಾ?"

"ತೊಟ್ಟಿಲು ಸಿಕ್ಕಿದೆ ಅಂತ ಹೇಳಿ ಕಳಿಸಿದ್ದಕ್ಕೆ ತಾನೇ ಬಂದಿರೋದು? ಬನ್ನಿ. ಬಾಗಿಲು ಗಿಡ್ಡ. ತಲೆ ಬಗ್ಗಿಸಲೇಬೇಕು."

ರಾಮಲಿಂಗಯ್ಯನಿಗೆ ಅರವತ್ತು ದಾಟಿತ್ತು. ಕನಕಪುರದಲ್ಲಿ ಕಲ್ಲಿನ ಕ್ವಾರಿ, ಹಿಂದೆ ಮುಂದೆ ಜನ. ತಲೆ ಬಗ್ಗಿಸಿ ಅಭ್ಯಾಸವಿರಲಿಲ್ಲ. ಅರ್ಧ ಬಗ್ಗಿಸಿದ, ಚೌಕಟ್ಟಿಗೆ ಹಣೆ ತಾಗಿತು. ಮೂಲೆಯಲ್ಲಿ ಕೂತು ಮರ ಉಜ್ಜುತ್ತಿದ್ದ ಜೊತೆಕೆಲಸದ ಶರ್ಫುನ್ನೀಸಾ ಸೆರಗು ಬಾಯಿಗೊತ್ತಿಕೊಂಡಳು.

ಒಳಗೆ ಕೂರಲು ಜಾಗ ಹುಡುಕಬೇಕಿತ್ತು. ಹೆದ್ದಾರಿ ಅಗಲ ಮಾಡಲು ಹೊರಟ ಮೇಲೆ ರಾಮನಗರದಿಂದ ಮಳೂರಿನವರೆಗೆ ಎಷ್ಟು ಮನೆಗಳ ಮುಖ ಬಿತ್ತೋ, ಅಷ್ಟೂ ಮನೆಗಳ ಕಿಟಕಿ, ಕನ್ನಡಿ, ಗಡಿಯಾರದ ಪೆಟ್ಟಿಗೆಗಳು ಗುಜರಿ ಕೆಂಚಯ್ಯನ ಅಂಗಡಿ ದಾಟಿ ಚನ್ನಪಟ್ಟಣದಲ್ಲಿ ಜಹೀದಾಳ ಈ ಶೆಡ್ಡಿಗೆ ಬರುತ್ತಿದ್ದವು. ಇಲ್ಲಿ ಅವೆಲ್ಲ ಟ್ರೇಗಳಾಗುತ್ತಿದ್ದವು. ಕಿಟಕಿಯ ಬಾಗಿಲಿಗೆ ಗಾಜು ಕೂರಿಸಿದರೆ ಒಂದು ಟ್ರೇ. ಹೊಲಿಗೆ ಮಿಷನ್ನಿನ ಡ್ರಾಯರಿಗೆ ಹಿತ್ತಾಳೆ ಹಿಡಿ ಹಾಕಿದರೆ ಇನ್ನೊಂದು. ಅಂಚಿಗೆ ಅರಗಿನ ಬಣ್ಣದ ಪುಟ್ಟ ಕಂಬಗಳ ಕಟಕಟೆ. ಬೆಂಗಳೂರಿನ ಹೋಟೆಲಿನವರು ಅದರ ಮೇಲೆ ಕಾಫಿ ತಂದಿಟ್ಟು "ಆಂಟಿಕ್" ಅನ್ನುತ್ತಿದ್ದರು. "ಯಾರದೋ ಅಜ್ಜಿ ಮನೆ ಕಿಟಕಿ ಮೇಲೆ ಯಾರೋ ಬಿಸ್ಕತ್ತು ಅದ್ದಿ ತಿಂತಾರೆ" ಅನ್ನುತ್ತಿದ್ದಳು ಶರ್ಫುನ್ನೀಸಾ.

ರಾಮಲಿಂಗಯ್ಯ ಒಂದು ಸ್ಟೂಲು ಎಳೆದುಕೊಂಡು ಕೂತ. ಅವನ ಬೆನ್ನ ಹಿಂದೆ ಇನ್ನೊಬ್ಬ ಮುದುಕ ತಲೆಗೆ ಟವಲ್ಲು ಸುತ್ತಿ, ಒಂದು ಹಲಗೆಯನ್ನು ಉಪ್ಪುಕಾಗದದಿಂದ ಅಡ್ಡಾದಿಡ್ಡಿ ಕೆರೆಯುತ್ತಿದ್ದ.

"ನೇರಕ್ಕೆ ಉಜ್ಜು ತಾತ" ಅಂದಳು ಜಹೀದಾ. "ಮರದ ಗೆರೆ ನೋಡ್ಕೊಂಡು."

"ಆಯ್ತು ಕಣವ್ವ" ಅಂದ ಮುದುಕ.

ಆ ಮುದುಕ ಬೋರಲಿಂಗಯ್ಯ, ಮಾಗಡಿಯ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ಜಹೀದಾಳ ಅಬ್ಬನ ಕೈ ಮುರಿದ ದಿನ ಆ ಠಾಣೆಯ ಬಾಗಿಲಲ್ಲಿ ಕಾವಲು ನಿಂತಿದ್ದ ಹೊಸ ಪೇದೆಯೂ ಅವನೇ. "ಅವತ್ತು ಬಾಗಿಲು ಕಾದೆ. ಇವತ್ತು ನಿನ್ನ ಪರವಾಗಿ ಕಾಯ್ತೀನಿ" ಎಂದು ತಾನಾಗಿ ಹುಡುಕಿಕೊಂಡು ಬಂದಿದ್ದ.

"ತೊಟ್ಟಿಲು ಎಲ್ಲೈತೆ?" ಅಂದ ರಾಮಲಿಂಗಯ್ಯ.

"ಯಾಕೆ ಬೇಕು?"

"ಮೊಮ್ಮಗಳ ನಾಮಕರಣ. ಮನೆ ತೊಟ್ಟಿಲಲ್ಲಿ ಮಲಗಿಸ್ಬೇಕು ಅಂತ ಆಸೆ."

"ಒಂದು ದಿನಾನೂ ಮಗು ಮಲಗದ ತೊಟ್ಟಿಲಿನಲ್ಲಾ?"

ಊರಿಗೆಲ್ಲ ಗೊತ್ತಿದ್ದ ಕತೆ. ರಾಮಲಿಂಗಯ್ಯನ ಅಣ್ಣನ ಗಂಡುಮಗುವಿಗೆಂದು ಜಹೀದಾಳ ಅಬ್ಬ ದಸ್ತಗೀರ್ ಉಸ್ತಾದ್ ಮಾಡಿಕೊಟ್ಟ ತೊಟ್ಟಿಲು ಅದು. ನಾಮಕರಣದ ದಿನ, ಮಗುವನ್ನು ಇನ್ನೂ ತೊಟ್ಟಿಲಿಗೆ ಹಾಕುವ ಮೊದಲೇ, ಅದರ ಸೊಂಟದ ಚಿನ್ನದ ಉಡಿದಾರ ಕಾಣೆಯಾಯಿತು. ಹೊರಗಿನವನೆಂದರೆ ತೊಟ್ಟಿಲು ಕಟ್ಟಲು ಬಂದಿದ್ದ ಉಸ್ತಾದ್ ಒಬ್ಬನೇ. ಎಳೆದುಕೊಂಡು ಹೋದರು. ಕಳುವಾದ ಮನೆಯ ತೊಟ್ಟಿಲು ಅಶುಭವೆಂದು ಅಟ್ಟಕ್ಕೆ ಏರಿತು, ಅಟ್ಟಕ್ಕೆ ಬೀಗ ಬಿತ್ತು.

"ಕೆಲಸದೋರು ಗೊತ್ತಿಲ್ದೆ ಅಟ್ಟದ ಸಾಮಾನೆಲ್ಲ ಗುಜರಿಗೆ ಹಾಕ್ಬುಟ್ರು" ಅಂದ ರಾಮಲಿಂಗಯ್ಯ.

"ಬೇರೆ ಊರಿನ ಕೆಲಸದೋರು ಇರಬೇಕು. ಮಳೂರಿನೋರಾಗಿದ್ರೆ ತೊಟ್ಟಿಲು ಗುಜರಿಗೆ ಹಾಕ್ತಿರಲಿಲ್ಲ. ಮಕ್ಕಳಾಗಲಿ ಅಂತ ಊರೂರಿಂದ ಬಂದು ದೇವರಿಗೆ ತೊಟ್ಟಿಲು ಒಪ್ಪಿಸೋ ಜಾಗ ಅದು. ಬೇಡವಾದ್ರೆ ಗುಡಿಗೆ ಕೊಡ್ತಾರೆ, ನೆಂಟರಿಗೆ ಕೊಡ್ತಾರೆ. ಮಾರಲ್ಲ."

"ನನಗೆ ಪಾಠ ಮಾಡಬ್ಯಾಡ. ನಾನು ಆ ತೊಟ್ಟಿಲನ್ನ ಕೈಲಿ ಮುಟ್ಟಿದೋನೂ ಅಲ್ಲ. ನಾಮಕರಣದ ದಿವಸ ಕನಕಪುರದಲ್ಲಿದ್ದೆ. ಹಳೇ ಸಾಮಾನು, ಮನೆಗೆ ವಾಪಸ್ ಬರಲಿ ಅಂತ ಅಷ್ಟೇ. ಕಳ್ಳನ ಮಗಳ ಮನೇಲಿ ಯಾಕಿರಬೇಕು?"

ಬೋರಲಿಂಗಯ್ಯನ ಉಪ್ಪುಕಾಗದ ನಿಂತಿತು. ಶರ್ಫುನ್ನೀಸಾ ಕೈಲಿದ್ದ ಉಳಿಯನ್ನು ತಿರುಗಿಸಿ ಹಿಡಿದಳು.

ಜಹೀದಾ ನಕ್ಕಳು. ಆ ಹೆಸರು ಅವಳಿಗೆ ಹೊಸದಲ್ಲ. ಅವಳ ಮದುವೆ ಎರಡು ಸಲ ಮುರಿದದ್ದು ಆ ಹೆಸರಿನಿಂದ. ಸಾಯುವ ದಿನವೂ ಅಬ್ಬನ ನೀರಿನ ಲೋಟಕ್ಕೆ ಅಂಟಿಕೊಂಡಿದ್ದದ್ದು ಆ ಹೆಸರು. ಅದನ್ನು ಕೆರೆದು ತೆಗೆಯಬೇಕು, ಅದೊಂದೇ ಅವಳಿಗೆ ಬೇಕಾಗಿದ್ದದ್ದು.

"ಕಳ್ಳನ ಮಗಳು ಟೀ ಕೊಟ್ರೆ ಕುಡೀತೀರಾ?"

"ತಾ."

ಅವಳು ಟೀ ತಂದಳು. ಟ್ರೇಯನ್ನು ಅವನ ಮುಂದಿನ ಪೆಟ್ಟಿಗೆಯ ಮೇಲೆ ಇಟ್ಟಳು.

ರಾಮಲಿಂಗಯ್ಯನ ಕಣ್ಣು ಲೋಟದ ಮೇಲೆ ನಿಲ್ಲಲಿಲ್ಲ.

ಹಳೇ ಕಿಟಕಿಯ ಬಾಗಿಲಿನಿಂದ ಮಾಡಿದ ಅಗಲ ಟ್ರೇ. ಸುತ್ತಲೂ ಹದಿನೆಂಟು ಕಿರುಗಂಬಗಳ ಕಟಕಟೆ. ಕೆಂಪು, ಹಳದಿ, ಹಸಿರು ಉಂಗುರಗಳು. ಬೊಂಬೆ ಕಡೆಯುವ ಆಲೆ ಮರ, ಅರಗಿನ ಬಣ್ಣ, ತಾಳೆ ಗರಿಯಿಂದ ಉಜ್ಜಿ ತಂದ ಹೊಳಪು, ಮೂವತ್ತೊಂದು ವರ್ಷ ಅಟ್ಟದಲ್ಲಿದ್ದರೂ ಮಾಸಿರಲಿಲ್ಲ. ತೊಟ್ಟಿಲ ಹಲಗೆಯನ್ನು ಅವಳು ಮುಟ್ಟಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದಳು. ಕಂಬಗಳನ್ನು ಮಾತ್ರ ಬಿಚ್ಚಿ ಇಲ್ಲಿ ನೆಟ್ಟಿದ್ದಳು.

"ಅಯ್ಯೋ, ಸಕ್ಕರೆ" ಅಂದು ಜಹೀದಾ ಒಳಕ್ಕೆ ಹೋದಳು. "ಶರ್ಫೂ, ಬಾರೇ, ಡಬ್ಬಿ ಎಲ್ಲಿಟ್ಟೆ?"

ಒಳಗಿನ ಗೋಡೆಗೆ ಒಂದು ನಿಲುವುಗನ್ನಡಿ ಒರಗಿತ್ತು. ಅದೂ ಟ್ರೇ ಆಗಲು ಕಾದು ನಿಂತದ್ದು. ಪಾದರಸ ಅಲ್ಲಲ್ಲಿ ಕಳಚಿತ್ತು. ಕಳಚದ ಜಾಗದಲ್ಲಿ ಹೊರಗಿನ ಸ್ಟೂಲು, ಸ್ಟೂಲಿನ ಮೇಲಿನ ಬಿಳಿ ಅಂಗಿ ಸ್ಪಷ್ಟವಾಗಿ ಕಾಣುತ್ತಿತ್ತು.

ಹದಿನೆಂಟರಲ್ಲಿ ಒಂದು ಕಂಬ ಟೊಳ್ಳು. ತುದಿಯ ಗುಂಡು ನಿಜಕ್ಕೂ ಒಂದು ಮುಚ್ಚಳ. ಹತ್ತು ದಿನದ ಹಿಂದೆ ಅದರೊಳಗಿಂದಲೇ ಉಡಿದಾರ ಅವಳ ಅಂಗೈಗೆ ಜಾರಿತ್ತು. ಸುದ್ದಿ ಗೊತ್ತಿದ್ದದ್ದು ಅವಳಿಗೂ ಶರ್ಫುನ್ನೀಸಾಳಿಗೂ ಬೋರಲಿಂಗಯ್ಯನಿಗೂ ಮಾತ್ರ. ಉಡಿದಾರದಲ್ಲಿ ಒಂದು ಗೆಜ್ಜೆ ಕಡಿಮೆ ಇತ್ತು. ಕೊಂಡಿ ಐದು, ಗೆಜ್ಜೆ ನಾಲ್ಕೇ. ಅದನ್ನು ಅವಳು ಬೋರಲಿಂಗಯ್ಯನಿಗೂ ಹೇಳಿರಲಿಲ್ಲ.

ಆ ಮುಚ್ಚಳ ಬಿಚ್ಚಲು ಅವಳಿಗೆ ಎರಡು ದಿನ ಹಿಡಿದಿತ್ತು.

ಚನ್ನಪಟ್ಟಣದ ಭರಣಿ ಯಾವುದೇ ಇರಲಿ, ಕುಂಕುಮದ್ದೋ ಸುಣ್ಣದ್ದೋ, ಮುಚ್ಚಳವನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹುಟ್ಟಿದ ಮಗುವಿನ ಕೈಗೂ ಅದು ಗೊತ್ತು. ಈ ಮುಚ್ಚಳ ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತಿತ್ತು. ಅಬ್ಬ ಇದಕ್ಕೆ ಉಲ್ಟಾ ತಿರುಪು ಕಡೆದಿದ್ದ. ಹೌದು, ಅಬ್ಬನೇ. ಅರಗಿನ ಗೆರೆಗಳು ಎರಡೂ ಕಡೆಗೆ ಎಳೆದಂತೆ ಓಡಿದ್ದವು. ಬಿಲ್ಲು ಎಳೆದು ತಿರುಗಿಸುವ ಅಬ್ಬನ ಕೈಲೇತಿನಲ್ಲಿ ಮರ ಹೋಗಿ ಬಂದು ಮಾಡುತ್ತದೆ, ಮೋಟಾರಿನದು ಒಂದೇ ದಿಕ್ಕಿಗೆ ಓಡುತ್ತದೆ.

"ಹಂಗಾದ್ರೆ ನಿಮ್ಮಪ್ಪಂಗೆ ಗೊತ್ತಿತ್ತು ಕಣವ್ವ, ಇದು ಟೊಳ್ಳು ಅಂತ" ಎಂದು ಬೋರಲಿಂಗಯ್ಯ ಮೆಲ್ಲಗೆ ಹೇಳಿದ್ದ.

"ಬೀಗ ಮಾಡಿದವನು ಕಳ್ಳನಾ?" ಎಂದು ಜಹೀದಾ ಸಿಡಿದಿದ್ದಳು. "ಮಾಡಿದ್ದು ಅಬ್ಬ. ಮಾಡಿಸಿದ್ದು ಇನ್ಯಾರೋ. ತಿರುಗಿಸೋ ದಿಕ್ಕು ಗೊತ್ತಿರೋದು ಆ ಇನ್ಯಾರಿಗೋ."

ಈಗ ಕನ್ನಡಿಯಲ್ಲಿ ರಾಮಲಿಂಗಯ್ಯನ ಕೈ ಎದ್ದಿತು. ಲೋಟವನ್ನು ದಾಟಿತು. ಕಂಬಗಳ ಮೇಲೆ ಬೆರಳು ಓಡಿತು, ಒಂದು, ಎರಡು, ಮೂರು. ಪ್ರತಿಯೊಂದರ ತಲೆಯನ್ನೂ ಉಗುರಿನಿಂದ ತಟ್ಟುತ್ತಿದ್ದ. ಹನ್ನೊಂದನೆಯದರ ಮೇಲೆ ನಿಂತ.

ಶರ್ಫುನ್ನೀಸಾ ಕನ್ನಡಿಗೆ ಹತ್ತಿರ ಬಗ್ಗಿದಳು.

ಬೆರಳು ಗುಂಡನ್ನು ಹಿಡಿಯಿತು. ತಿರುಗಿಸಿತು.

ಬಲಕ್ಕೆ.

ಟಕ್. ಟಕ್. ಟಕ್. ಜಹೀದಾ ಕಂಬದ ಬಾಯಿಯವರೆಗೆ ಒತ್ತಿ ತುಂಬಿಟ್ಟಿದ್ದ ಮೂರು ಹುಣಿಸೆ ಬೀಜ ಟ್ರೇಗೆ ಉದುರಿದವು.

"ಸಕ್ಕರೆ ಸಾಕಾ, ನೋಡಿ" ಅಂದಳು ಜಹೀದಾ. ಅವಳು ಆಗಲೇ ಅವನ ಮುಂದೆ ನಿಂತಿದ್ದಳು.

ಬೋರಲಿಂಗಯ್ಯ ಟವಲ್ಲು ಬಿಚ್ಚಿ ಕೊಡವಿದ. ಮರದ ಹಿಟ್ಟು ಎದ್ದಿತು. "ನಮಸ್ಕಾರ ಸ್ವಾಮಿ. ಹೆಡ್ ಕಾನ್‌ಸ್ಟೇಬಲ್ ಬೋರಲಿಂಗಯ್ಯ. ಈಗ ರಿಟೈರ್ಡು. ನೇರಕ್ಕೆ ಉಜ್ಜಾಕೆ ಬರಾಕಿಲ್ಲ, ನೇರಕ್ಕೆ ನೋಡಾಕೆ ಬತ್ತದೆ."

ರಾಮಲಿಂಗಯ್ಯನ ಕೈಯಲ್ಲಿ ಮುಚ್ಚಳ ಹಾಗೇ ಇತ್ತು.

"ಗುಜರಿ ಕೆಂಚಯ್ಯ ತಿರುಗಿಸ್ದ, ಎಡಕ್ಕೆ" ಅಂದಳು ಜಹೀದಾ. "ಈ ಶರ್ಫೂ ತಿರುಗಿಸಿದ್ಳು, ಎಡಕ್ಕೆ. ಈ ಪೊಲೀಸಪ್ಪ ಹಲ್ಲು ಕಚ್ಚಿ ತಿರುಗಿಸ್ದ, ಎಡಕ್ಕೆ."

"ತೋಳು ಇನ್ನೂ ನೋಯ್ತಾ ಐತೆ" ಅಂದ ಬೋರಲಿಂಗಯ್ಯ.

"ನಾನು ಬುದ್ಧಿ ಬಂದಾಗಿಂದ ಭರಣಿ ಮಾಡೋಳು. ನನ್ನ ಕೈಯೂ ಎಡಕ್ಕೇ ಹೋಯ್ತು. ನಿಮ್ಮ ಕೈ ಮಾತ್ರ ಮೊದಲನೇ ಸಲಕ್ಕೇ ಬಲಕ್ಕೆ ಹೋಯ್ತು. ಮುಟ್ಟೇ ಇಲ್ಲದ ತೊಟ್ಟಿಲು, ಅಲ್ವಾ?"

ಆಮೇಲೆ ರಾಮಲಿಂಗಯ್ಯ ಒಂದು ಕೆಲಸ ಮಾಡಿದ. ಜಹೀದಾ ಅದನ್ನು ನಿರೀಕ್ಷಿಸಿರಲಿಲ್ಲ. ಮುಚ್ಚಳವನ್ನು ಟ್ರೇಯಲ್ಲಿಟ್ಟು, ಲೋಟ ಎತ್ತಿ, ನಿಧಾನಕ್ಕೆ ಟೀ ಕುಡಿದ.

"ಟೀ ಚೆನ್ನಾಗೈತೆ" ಅಂದ. "ಒಳಗಿದ್ದದ್ದು ಎಲ್ಲಿ?"

"ಏನಿತ್ತು ಒಳಗೆ?"

"ಉಡಿದಾರ. ನಾಲ್ಕು ಗೆಜ್ಜೇದು."

ಜಹೀದಾಳ ಕೈ ಸೆರಗಿನ ಗಂಟಿಗೆ ಹೋಯಿತು.

"ಐದು" ಅಂದ ಬೋರಲಿಂಗಯ್ಯ. "ಕಂಪ್ಲೇಂಟ್‌ನಾಗೆ ಐದು ಗೆಜ್ಜೆ ಅಂತ ಬರೆದಿದ್ದು. ನನಗೆ ಚೆನ್ನಾಗಿ ಗ್ಯಾಪಕ ಐತೆ."

"ಮಗೂನ ಸೊಂಟದಲ್ಲಿದ್ದಾಗ ಐದು. ಈ ಕಂಬದೊಳಗೆ ನಾಲ್ಕು." ರಾಮಲಿಂಗಯ್ಯ ಜಹೀದಾಳ ಮುಖ ನೋಡುತ್ತಲೇ ಹೇಳಿದ. "ಅವಳನ್ನ ಕೇಳು. ಎಣಿಸಿದ್ದಾಳೆ."

ಬೋರಲಿಂಗಯ್ಯ ಅವಳ ಕಡೆ ತಿರುಗಿದ. ಜಹೀದಾ ಹೌದೆಂದು ತಲೆಯಾಡಿಸಿದಳು.

"ಐದನೇದು ನಮ್ಮತ್ತಿಗೆ ದೊಡ್ಡಲಕ್ಷ್ಮಮ್ಮನ ಬೀಗದ ಗೊಂಚಲಲ್ಲೈತೆ" ಅಂದ ರಾಮಲಿಂಗಯ್ಯ. "ಮೂವತ್ತೊಂದು ವರ್ಷದಿಂದ ಸೊಂಟಕ್ಕೆ ಸಿಗಿಸ್ಕೊಂಡು ತಿರುಗ್ತಾವ್ಳೆ. ಮನೇಲಿ ಅವಳೆಲ್ಲಿದ್ದಾಳೆ ಅಂತ ಆ ಸದ್ದಿಂದಲೇ ಗೊತ್ತಾಗೋದು."

"ಯಾರು? ಆ ಮಗೂನ ತಾಯಿನಾ?" ಶರ್ಫುನ್ನೀಸಾ ಬಾಯಿ ತಡೆಯಲಿಲ್ಲ. "ತನ್ನ ಮಗೂದು ತಾನೇ ಕದೀತಾರಾ?"

"ಅದು ನನಗೂ ಗೊತ್ತಿಲ್ಲ. ಕಣ್ಣಲ್ಲಿ ಕಂಡದ್ದು ಹೇಳ್ತೀನಿ. ಕನಕಪುರ ಅಂದದ್ದು ಸುಳ್ಳು. ಅವತ್ತು ಸಂಜೆ ನಾನು ಮನೇಲೇ ಇದ್ದೆ. ಅತ್ತಿಗೆ ಒಬ್ಬಳೇ ತೊಟ್ಟಿಲ ಮುಂದೆ ಕುಂತು ಈ ಮುಚ್ಚಳ ತಿರುಗಿಸ್ತಿದ್ಲು. ಬಲಕ್ಕೆ. ಬಾಗಿಲ ಸಂದಿಯಿಂದ ನೋಡ್ದೆ. ಅವಳು ಎದ್ದೋದ್ಮೇಲೆ ನಾನೂ ತಿರುಗಿಸ್ದೆ. ನೋಡ್ದೆ. ಮುಚ್ಚಿಟ್ಟೆ. ಬೆಳಗಾಗೋದ್ರೊಳಗೆ ಅವಳೇ ತೊಟ್ಟಿಲನ್ನ ಅಟ್ಟಕ್ಕೇರಿಸಿ ಬೀಗ ಹಾಕಿದ್ಲು."

"ಆ ಸಂಜೆ ನಮ್ಮಬ್ಬ ಎಲ್ಲಿದ್ದ?"

ರಾಮಲಿಂಗಯ್ಯ ಲೋಟದೊಳಗೆ ಇಣುಕಿದ. ಬೋರಲಿಂಗಯ್ಯ ನೆಲ ನೋಡಿದ.

"ಹೇಳು" ಅಂದಳು ಜಹೀದಾ. "ಎಲ್ಲಿದ್ದ?"

'ನೀವು' ಹೋಗಿತ್ತು. ರಾಮಲಿಂಗಯ್ಯನಿಗೆ ಅದು ತಾಗಿತು.

"ಠಾಣೇಲಿ."

"ಅವನ ಬೆರಳು ಒಂದೊಂದೇ ಮುರೀತಿದ್ದಾಗ ನಿಂಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದಿದ್ರೆ ಆ ಕೈ ಸಾಯೋ ತನಕ ಮರ ಕಡೀತಿತ್ತು."

"ನಂಗೇನು ಬರ್ತಿತ್ತು ಅದರಿಂದ? ಗುಟ್ಟು ಇಟ್ಕೊಂಡಿದ್ದಕ್ಕೆ ಪಾಲಿನಲ್ಲಿ ಒಳ್ಳೇ ಹೊಲ ಬಂತು. ಈಗ ಈ ಕಂಬ ನನ್ನ ಕೈಲಿದ್ರೆ ಮಿಕ್ಕ ತೋಟಾನೂ ಅತ್ತಿಗೆ ನನಗೇ ಬರೀತಾಳೆ. ಇಷ್ಟೇ ಕತೆ. ನಾನು ಕದ್ದಿಲ್ಲ."

"ಇಲ್ಲ. ನೀನು ಕದ್ದಿಲ್ಲ. ನೀನು ಟೀ ಕುಡ್ಕೊಂಡು ಕೂತಿದ್ದೆ, ಈಗ ಕೂತಿರೋ ಹಂಗೆ."

ಅವಳು ಅವನ ಕೈಯಿಂದ ಲೋಟ ಕಿತ್ತುಕೊಂಡಳು. ಅರ್ಧ ಟೀ ಇತ್ತು. ಅದನ್ನು ಬಾಗಿಲಾಚೆ ಚೆಲ್ಲಿದಳು.

ರಾಮಲಿಂಗಯ್ಯ ಎದ್ದು ನಿಂತ. ಮುಖ ಕೆಂಪಾಗಿತ್ತು. "ಏನ್ ಹಾರಾಡ್ತೀಯ? ನಿಮ್ಮಪ್ಪಂಗೂ ಗೊತ್ತಿತ್ತಲ್ಲ! ಮುಚ್ಚಳ ಮಾಡಿಕೊಟ್ಟೋನು ಅವನು, ಮಾಡಿಸಿದೋಳು ಅವಳು. 'ಕಂಬದೊಳಗೆ ನೋಡಿ' ಅಂದಿದ್ರೆ ಬಿಟ್ಟು ಕಳಿಸ್ತಿದ್ರು. ಯಾಕನ್ನಲಿಲ್ಲ? ಕೈ ಮುರಿಸ್ಕೊಂಡ, ಹೆಸರು ಕೆಡಿಸ್ಕೊಂಡ, ಅವಳನ್ನ ಬಿಟ್ಕೊಡಲಿಲ್ಲ. ಯಾಕೆ? ಅದನ್ನ ಕೇಳ್ಕೊ ಹೋಗು. ಕೇಳೋ ಧೈರ್ಯ ಐತಾ?"



ಬೋರಲಿಂಗಯ್ಯ ಇನ್ನೊಂದು ಸ್ಟೂಲನ್ನು ಕಾಲಿನಿಂದ ಎಳೆದು ಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೆ ಕೂತ. "ಕುತ್ಕೊಳ್ಳಿ ಸ್ವಾಮಿ. ಈಗ ಹೇಳಿದ್ದೆಲ್ಲ ಒಂದು ಹಾಳೆ ಮ್ಯಾಲೆ ಬರೆದು ಸೈನ್ ಹಾಕ್ಬೇಕು. ಶರ್ಫುನ್ನೀಸಾ, ಪೆನ್ನು ತಾರವ್ವ."

"ಬರೀದಿದ್ರೆ?"

"ಈ ಉಳಿ ನೋಡಿದ್ದೀರಾ?" ಅಂದಳು ಶರ್ಫುನ್ನೀಸಾ. "ಆಲೆ ಮರಾನ ಬೆಣ್ಣೆ ಹಂಗೆ ಕಡಿಯುತ್ತೆ."

"ಸುಮ್ಕಿರವ್ವ, ನಾನು ರಿಟೈರಾದ್ರೂ ಪೊಲೀಸು" ಅಂದ ಬೋರಲಿಂಗಯ್ಯ. ಆಮೇಲೆ ದನಿ ತಗ್ಗಿಸಿ ಜಹೀದಾಳಿಗೆ ಹೇಳಿದ, "ನಾನು ಹೋಗಿ ಆಯಮ್ಮನ್ನ ಕೇಳ್ತೀನಿ. ನೀನು ಮಾತು ಕೊಟ್ಟಿದ್ದೀಯ."

"ನೀವು ಕೇಳಿದ್ರೆ ಅದು ತನಿಖೆ. ಅವರು ಬಾಯಿ ಬಿಡಲ್ಲ."

"ಒಸಿ ಯೋಚ್ನೆ ಮಾಡು ಕಣವ್ವ. ಅಲ್ಲಿ ಸಿಗೋ ಉತ್ತರ ನಿಂಗೆ ಬೇಕಾದ್ದೇ ಆಗಿರ್ಬೇಕು ಅಂತೇನಿಲ್ಲ. ಅಪ್ಪನ ಮಾತು ಉಳಿಸ್ತೀಯೋ, ಅಪ್ಪನ ಹೆಸರು ಉಳಿಸ್ತೀಯೋ?"

ಜಹೀದಾ ಟ್ರೇಯನ್ನು ಒರೆಸಿದಳು. ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಬಿಗಿ ಮಾಡಿದಳು. ಸೆರಗಿನಲ್ಲಿ ಗಂಟು ಹಾಕಿದ್ದ ಉಡಿದಾರವನ್ನು ಮುಟ್ಟಿ ನೋಡಿಕೊಂಡಳು.

"ಮಾತು ಬೇಡಿದ್ದು ಅಬ್ಬನ ಮುರಿದ ಕೈ" ಅಂದಳು. "ನನ್ನ ಕೈ ಗಟ್ಟಿ ಇದೆ."

ಬೋರಲಿಂಗಯ್ಯನನ್ನು ರಾಮಲಿಂಗಯ್ಯನ ಕಾವಲಿಗೆ ಬಿಟ್ಟು ಅವಳು ಆಟೋ ಹತ್ತಿದಳು. ದೊಡ್ಡಮಳೂರಿಗೆ ಕಾಲು ಗಂಟೆಯೂ ಇಲ್ಲ. ಮಧ್ಯಾಹ್ನದ ಬಿಸಿಲು. ಟ್ರೇ ತೊಡೆಯ ಮೇಲಿತ್ತು. ಹಳೇ ಸೀರೆ ಸುತ್ತಿದ್ದರೂ ಹದಿನೆಂಟು ಕಂಬಗಳು ಅಂಗೈಗೆ ಒತ್ತುತ್ತಿದ್ದವು. ಈ ಸಲ ಅವಳು ಆಚೆ ಕಡೆಗೆ ಮುಖ ತಿರುಗಿಸಲಿಲ್ಲ.

ಮನೆಯ ಮುಖವನ್ನು ರಸ್ತೆ ತಿಂದು ಹಾಕಿತ್ತು. ಜಗಲಿ ಇರಲಿಲ್ಲ. ಅಟ್ಟ ಅರ್ಧಕ್ಕೆ ಕತ್ತರಿಸಿಹೋಗಿ, ಅದರ ತೊಲೆಗಳು ಹಲ್ಲಿನಂತೆ ಹೊರಗೆ ಚಾಚಿದ್ದವು. ನಡುಮನೆಯ ಕೆಂಪು ಗಾರೆಯ ನೆಲ ಲಾರಿಗಳಿಗೆಲ್ಲ ಕಾಣುವಂತೆ ಬಯಲಾಗಿತ್ತು, ಗೋಡೆಯ ಗೂಡಿನಲ್ಲಿ ದೀಪದ ಮಸಿ ಹಾಗೇ ಇತ್ತು. ಅದರಾಚೆ ಒಳಮನೆಯ ಬಾಗಿಲು. ಅದರ ಹೊಸಿಲು ಮಾತ್ರ ಅಲ್ಲಾಡದೆ ಕೂತಿತ್ತು, ಅರಿಶಿನ ಬಳಿದು, ಎರಡು ಹೂವು ಇಟ್ಟು.

ಜಹೀದಾ ಹೊಸಿಲ ಈಚೆ ಚಪ್ಪಲಿ ಬಿಟ್ಟು ನಿಂತಳು. ಕೂಗಲಿಲ್ಲ.

ಒಳಗಿನ ಕತ್ತಲಲ್ಲಿ ಯಾರೋ ಎದ್ದರು. ಬೀಗದ ಗೊಂಚಲು ಅಲುಗಿತು. ಕಬ್ಬಿಣದ ಕೀಗಳ ನಡುವೆ ಒಂದೇ ಒಂದು ತೆಳ್ಳನೆಯ ಸದ್ದು, ಕೂಸಿನ ಸೊಂಟದಲ್ಲಿ ಇರಬೇಕಾದ ಸದ್ದು, ಹೆಜ್ಜೆಗೊಂದರಂತೆ ಹತ್ತಿರ ಬಂತು.

ಬಿಳಿ ಕೂದಲಿನ ಮುದುಕಿ ಗೋಡೆ ಹಿಡಿದು ನಿಂತಳು. ಮೊದಲು ಸೀರೆ ಜಾರಿದ ಟ್ರೇಯನ್ನು ನೋಡಿದಳು. ಕಂಬಗಳನ್ನು ನೋಡಿದಳು. ಆಮೇಲೆ ಜಹೀದಾಳ ಮುಖ.

"ದಸ್ತಗೀರನ ಮಗಳಾ?"

"ಹೌದು."

"ನೀನು ಬರಕೂಡದು ಅಂತ ನಿನ್ನ ಕೈಲಿ ಮಾತು ತಗೊಳ್ಳೋಕೆ ಹೇಳಿದ್ದೇ ನಾನು" ಅಂದಳು ದೊಡ್ಡಲಕ್ಷ್ಮಮ್ಮ. "ಅವನು ಒಪ್ಪಿರಲಿಲ್ಲ. ನಾನೇ ಕಾಲು ಹಿಡಿದಿದ್ದೆ. ವಾಪಸ್ ಹೋಗು ತಾಯಿ. ಒಳಗೆ ಬಂದ್ರೆ ನಾನು ಹೇಳಬೇಕಾಗುತ್ತೆ."

ಜಹೀದಾ ಟ್ರೇಯನ್ನು ಎದೆಗೆ ಒತ್ತಿಕೊಂಡಳು. ಬಲಗಾಲು ಎತ್ತಿದಳು.

ಹೊಸಿಲು ದಾಟಿದಳು. ಅಬ್ಬನಿಗೆ ಕೊಟ್ಟ ಮಾತು ಮುರಿಯಿತು.